ಕಟಿಂಗ್ ಮಾವನ ಮೂವತ್ತನಾಲ್ಕು ಎಡಗಳು

ಮೂರು ದಾರಿ ಕೂಡುವ ಆ ಜಾಗದಲ್ಲಿ ಒಮ್ಮೆ ಎರಡು ಕಾಗೆಗಳು ನಡು ಆಕಾಶದಲ್ಲಿ ಡಿಕ್ಕಿ ಹೊಡೆದುಕೊಂಡವಂತೆ. ತಪ್ಪು ನಿನ್ನದು, ನಿನ್ನದು ಎಂದು ಕಂಬದ ಮೇಲೆ ಕೂತು ಅರ್ಧ ದಿನ ಜಗಳವಾಡಿದವಂತೆ. ಪಂಕ್ಚರ್ ಅಂಗಡಿಯವನು ಇದನ್ನು ಇಂದಿಗೂ ಆಣೆ ಇಟ್ಟು ಹೇಳುತ್ತಾನೆ. ಕಾಗೆಗಳ ವಿಷಯದಲ್ಲಿ ಅವನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಮನುಷ್ಯರ ಡಿಕ್ಕಿಗಳಿಗೆ ಮಾತ್ರ ಬರೆದಿಟ್ಟ ದಾಖಲೆ ಇತ್ತು. ಅದನ್ನು ಬರೆದಿಟ್ಟವರು ಕಟಿಂಗ್ ಮಾವ.

ಸೊಸೆ ‘ಮಾವ, ಮಾವ’ ಎಂದು ಕರೆಯುವುದನ್ನು ಕೇಳಿ ಕೇಳಿ ಆ ಬೀದಿಯ ಗಂಡಸರು, ಹೆಂಗಸರು, ಬ್ಯಾಂಕಿನ ಮ್ಯಾನೇಜರು, ಎಲ್ಲರೂ ಅವರಿಗೆ ಸೊಸೆಯಂದಿರೇ ಆಗಿಬಿಟ್ಟಿದ್ದರು. ಅವರ ಅಂಗಡಿ ಎಷ್ಟು ಚಿಕ್ಕದೆಂದರೆ, ಒಳಗೆ ಇಬ್ಬರು ಒಟ್ಟಿಗೆ ಸೀನಿದರೆ ಮೂರನೆಯವನ ಕ್ಷೌರ ತಾನಾಗಿಯೇ ಮುಗಿಯುತ್ತಿತ್ತು. ಒಂದು ತಿರುಗುವ ಕುರ್ಚಿ, ಒಂದು ಉದ್ದ ಬೆಂಚು, ಹಿಂದಿನ ಗೋಡೆಗೆ ಆಳೆತ್ತರದ ಒಂದು ಕನ್ನಡಿ. ರಸ್ತೆಗೆ ತೆರೆದ ಒಂದೇ ಬಾಗಿಲು. ಗಿರಾಕಿ ಕನ್ನಡಿಗೆ ಮುಖ ಮಾಡಿ ಕೂರುತ್ತಿದ್ದ, ಮಾವ ಅವನ ಹಿಂದೆ ನಿಲ್ಲುತ್ತಿದ್ದರು, ರಸ್ತೆ ಇಬ್ಬರ ಬೆನ್ನ ಹಿಂದೆ. ಹೀಗೆ ಮೂವತ್ತೊಂದು ವರ್ಷ ರಸ್ತೆಗೆ ಬೆನ್ನು ಹಾಕಿ ನಿಂತು, ಆ ರಸ್ತೆಯಲ್ಲಿ ಆಗುವುದನ್ನೆಲ್ಲ ಕನ್ನಡಿಯಲ್ಲೇ ನೋಡಿದವರು ಅವರು. ಯಾರ ಮನೆಗೆ ಯಾವ ನೆಂಟರು ಬಂದರು, ಯಾರ ಸೈಕಲ್ಲಿನ ಹಿಂದೆ ಯಾರು ಕೂತಿದ್ದರು ಎಂಬುದೆಲ್ಲ ಅವರಿಗೆ ಕತ್ತು ತಿರುಗಿಸದೆ ಗೊತ್ತಾಗುತ್ತಿತ್ತು.

ಈಗ ದಾರಿಯ ಲಕ್ಷಣ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಅಂಗಡಿಯ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ ನಿಂತರೆ, ಎಡಕ್ಕೆ ಮರದ ಡಿಪೋ ಪಕ್ಕದ ತಿರುವು. ಬಲಕ್ಕೆ ಸೇತುವೆಯಿಂದ ಜಾರಿ ಬರುವ ಇಳಿಜಾರು. ನೇರ ಎದುರಿಗೆ ಶಾಲೆಯ ಓಣಿ ಬಂದು ರಸ್ತೆಗೆ ಸೇರುತ್ತದೆ. ಓಣಿಯಿಂದ ಹೊರಬರುವವರಿಗೆ ಡಿಕ್ಕಿ ಹೊಡೆಯಲು ತಿರುವಿನಿಂದಲೂ ಬರಬಹುದು, ಇಳಿಜಾರಿನಿಂದಲೂ ಬರಬಹುದು. ಆಯ್ಕೆಗೆ ಕೊರತೆ ಇರಲಿಲ್ಲ.

ಆರು ವರ್ಷದ ಹಿಂದೆ ಸೊಸೆ ಶಾಲೆಯ ವ್ಯಾನ್ ಓಡಿಸುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಎಂಟು ಹತ್ತಕ್ಕೆ ಓಣಿಯೊಳಗೆ, ಮಧ್ಯಾಹ್ನ ಮೂರು ನಲವತ್ತಕ್ಕೆ ಹೊರಗೆ. ಹನ್ನೊಂದು ಮಕ್ಕಳು, ಮುಂದಿನ ಸೀಟಿನಲ್ಲಿ ಮಾವನ ಮೊಮ್ಮಗಳು. ಅವತ್ತಿನಿಂದ ಮಾವನಿಗೆ ಆ ಜಾಗ ಕಟ್ಟೆ ಇಲ್ಲದ ಬಾವಿಯ ಹಾಗೆ ಕಾಣತೊಡಗಿತು. ನಲವತ್ತು ಪುಟದ ಒಂದು ನೋಟ್ ಪುಸ್ತಕ ತಂದು, ಬಾಚಣಿಗೆಗಳ ಪಕ್ಕ ಇಟ್ಟು, ಒಂದೊಂದು ಡಿಕ್ಕಿಯನ್ನೂ ಬರೆಯಲು ಶುರು ಮಾಡಿದರು. ತಾರೀಖು, ಹೊತ್ತು, ಯಾವ ಗಾಡಿ, ಯಾವ ಕಡೆಯಿಂದ ಬಂತು. ಕೈಯಲ್ಲಿ ಕತ್ತರಿ ಇರುವವನಿಗೆ ಉದ್ದ ಬರೆಯಲು ಪುರುಸೊತ್ತೆಲ್ಲಿ? ಎಡ, ಬಲ, ಅಷ್ಟೇ.

ಕನ್ನಡಿಯಲ್ಲಿ ಬಾಗಿಲಿನಷ್ಟೇ ಅಗಲ ರಸ್ತೆ ಕಾಣುತ್ತಿತ್ತು. ಗಾಡಿ ಅದರ ಒಂದು ಅಂಚಿನಿಂದ ಮಿಂಚಿನ ಹಾಗೆ ನುಗ್ಗುವುದು, ಮರುಕ್ಷಣ ಸದ್ದು. ಮಾವ ಮೊದಲು ಬರೆಯುತ್ತಿದ್ದರು, ಆಮೇಲೆ ನೀರು, ಹತ್ತಿ, ಪಟಿಕದ ಗಡ್ಡೆ ಹಿಡಿದು ಓಡುತ್ತಿದ್ದರು. ಅಷ್ಟರಲ್ಲಿ ಗಾಡಿಗಳು ಮೂರು ಸುತ್ತು ಸುತ್ತಿ ಯಾವುದರ ಮುಖ ಯಾವ ಕಡೆಗೋ ಆಗಿರುತ್ತಿತ್ತು, ಜನ ಒಬ್ಬೊಬ್ಬರು ಒಂದೊಂದು ಕತೆ ಕಟ್ಟುತ್ತಿದ್ದರು. "ಹೊರಗೆ ಹೋದ್ಮೇಲೆ ಕೇಳೋದೆಲ್ಲ ಬಾಯಿಮಾತು. ನನ್ನ ಕನ್ನಡಿ ಮಾತ್ರ ಯಾರ ಪಕ್ಷಾನೂ ವಹಿಸಲ್ಲ" ಎನ್ನುತ್ತಿದ್ದರು ಮಾವ.

ಇದಕ್ಕೆ ಒಪ್ಪದವನು ಒಬ್ಬನೇ, ಪಂಕ್ಚರ್ ಅಂಗಡಿಯವನು. ಅವನು ಮಾವನ ಹೆಂಡತಿಯ ತಮ್ಮ, ಹಾಗಾಗಿ ಒಪ್ಪದಿರುವುದು ಅವನ ಹಕ್ಕು.

"ಭಾವ, ಕೊಲ್ಲೋದು ಇಳಿಜಾರು. ತಿರುವಲ್ಲಿ ಯಾವನಾದ್ರೂ ಸ್ಪೀಡಾಗಿ ಬರೋಕಾಗುತ್ತಾ? ಗಾಡಿ ಡಿಪೋ ಒಳಗೆ ಹೋಗಿ ಮರ ಕೊಯ್ಸ್ಕೊಂಡು ಬರ್ಬೇಕಷ್ಟೆ."

"ನಿನ್ನಂಗಡಿ ಇರೋದು ಡಿಪೋ ಹಿಂದೆ. ಟ್ಯೂಬಿನೊಳಗೆ ತಲೆ ಹಾಕ್ಕೊಂಡು ಕೂತಿರ್ತೀಯ. ಸದ್ದು ಕೇಳಿದ್ಮೇಲೆ ಬರೋನಿಗೆ ಯಾವ ಕಡೆ ಅಂತ ಹೇಗೆ ಗೊತ್ತಾಗುತ್ತೆ?"

"ಟಯರ್ ಸುಟ್ಟ ವಾಸನೆ ಯಾವ ಕಡೆಯಿಂದ ಬರುತ್ತೆ ಅಂತ ಮೂಗಿಗೆ ಗೊತ್ತಾಗುತ್ತೆ."

"ನಿನ್ನ ಮೈಯೇ ಟಯರ್ ವಾಸನೆ. ಪುಸ್ತಕ ನೋಡು. ನಲವತ್ಮೂರರಲ್ಲಿ ಮೂವತ್ನಾಲ್ಕು ಎಡ!"

ಬಾಯಲ್ಲಿ ಗೆಲ್ಲಲಾಗದೆ ಅವನು ಹಿಂದೊಮ್ಮೆ ಎರಡು ಹಳೇ ಡಾಂಬರ್ ಡ್ರಮ್ಮುಗಳಿಗೆ ಮರಳು ತುಂಬಿ, ಕೆಂಪು ಬಿಳಿ ಪಟ್ಟೆ ಬಳಿದು, ಇಳಿಜಾರಿನ ಬುಡದಲ್ಲಿ ರಸ್ತೆಯ ಅಂಚಿಗೆ ನಿಲ್ಲಿಸಿದ್ದ. ಮೇಲಿನಿಂದ ಬರುವ ಗಾಡಿಗಳು ಅವನ್ನು ಕಂಡು ಸ್ವಲ್ಪ ಕಾಲು ಸಡಿಲಿಸುತ್ತಿದ್ದವು. ಮಾವ ಅದನ್ನು ನೋಡಿ ನಗುತ್ತಿದ್ದರು. "ಹಲ್ಲುನೋವಿಗೆ ಮಂಡಿಗೆ ಎಣ್ಣೆ ಹಚ್ಚಿದ ಹಾಗಿದೆ" ಎನ್ನುತ್ತಿದ್ದರು.

ಪುಸ್ತಕದ ಲೆಕ್ಕ ಟೈಪ್ ಆಗಿ ಅರ್ಜಿಯ ಜೊತೆ ರಸ್ತೆ ಇಲಾಖೆಯ ಕಚೇರಿಗೆ ಹೋಯಿತು. ಅಲ್ಲಿ ಹೊಸದಾಗಿ ಬಂದ ಕಿರಿಯ ಎಂಜಿನಿಯರ್ ಒಬ್ಬ ಅದನ್ನು ಓದಿ ಬೆರಗಾದ. ಆರು ವರ್ಷ ಇಷ್ಟು ಚೊಕ್ಕವಾಗಿ ಡಿಕ್ಕಿ ಬರೆದಿಟ್ಟ ಮನುಷ್ಯನನ್ನು ಅವನು ಕಾಲೇಜಿನ ಪುಸ್ತಕದಲ್ಲೂ ಕಂಡಿರಲಿಲ್ಲ. ಖುದ್ದಾಗಿ ಬಂದು, ಅಂಗಡಿಯ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ ನಿಂತು, ಎಡಕ್ಕೆ ಕೈ ಚಾಚಿ ಅಳತೆ ತೆಗೆಸಿದ. ಮೂರು ವಾರದಲ್ಲಿ ತಿರುವಿನ ಕಡೆ ಹಂಪ್ ಬಂತು, ‘ನಿಧಾನ’ ಎಂಬ ಹಳದಿ ಬೋರ್ಡ್ ಬಂತು. ಇಳಿಜಾರಿನ ಕಡೆ ಅಪಾಯವಿಲ್ಲವೆಂದು ದಾಖಲೆಯೇ ಹೇಳುವಾಗ ಅಲ್ಲಿ ರಸ್ತೆಗೆ ಅಡ್ಡಿ ಯಾಕೆಂದು ಡ್ರಮ್ಮುಗಳನ್ನು ತೆಗೆಸಿಬಿಟ್ಟರು.

"ಭಾವ, ಪುಸ್ತಕ ನಿಮ್ಮದು ಸರಿ. ಡ್ರಮ್ಮು ನಂದು. ಅವು ನಿಮಗೇನು ಮಾಡಿದ್ವು?" ಎಂದ ಬಾಮೈದ. ಅವತ್ತು ಅವನ ಬಾಯಲ್ಲಿ ತಮಾಷೆ ಇರಲಿಲ್ಲ. ಮರಳು ಸುರಿದು, ಡ್ರಮ್ಮುಗಳನ್ನು ಉರುಳಿಸಿಕೊಂಡು ಹೋಗಿ ಅಕ್ಕನ ಹಿತ್ತಲಲ್ಲಿ ನಿಲ್ಲಿಸಿದ. ಅಕ್ಕ ಒಂದು ವಾರದೊಳಗೆ ಎರಡರಲ್ಲೂ ಮಣ್ಣು ತುಂಬಿ ಮೆಣಸಿನ ಸಸಿ ನೆಟ್ಟಳು.

ಮಾವ ಆಗ ನೆಲದ ಮೇಲೆ ನಡೆಯುತ್ತಿರಲಿಲ್ಲ. ಬಂದವರೆಲ್ಲ ಹಂಪಿನ ಮಾತೇ ಆಡುತ್ತಿದ್ದರು. ಸೊಸೆ ರಾತ್ರಿ ಊಟಕ್ಕೆ ಬಡಿಸುತ್ತ, "ಮಾವ, ಈಗ ನಂಗೆ ಧೈರ್ಯ ಬಂತು ನೋಡಿ. ಹಂಪ್ ಕಡೆ ಒಂದ್ಸಲ ನೋಡ್ತೀನಿ, ಗಾಡಿ ನಿಧಾನ ಆಯ್ತಾ, ಸೀದಾ ಎತ್ಬಿಡ್ತೀನಿ" ಎಂದಳು. ಮಾವ ಎರಡು ತುತ್ತು ಹೆಚ್ಚು ಉಂಡರು.

ಹಂಪ್ ಬಂದ ಐದು ವಾರದಲ್ಲಿ ಮೂರು ಡಿಕ್ಕಿಯಾದವು.

ಮೊದಲನೆಯದರಲ್ಲಿ ಹಾಲಿನ ಕ್ಯಾನುಗಳು ರಸ್ತೆ ತೊಳೆದವು. ಎರಡನೆಯದರಲ್ಲಿ ಒಬ್ಬ ಸ್ಕೂಟರಿನವನ ಹೆಗಲ ಮೂಳೆ ಮುರಿಯಿತು. ಮೂರನೆಯದರಲ್ಲಿ ಶಾಲೆಯ ಡ್ರಾಯಿಂಗ್ ಟೀಚರ್ ಓಣಿಯಿಂದ ಹೊರಬಂದು ಹಂಪಿನ ಕಡೆ ನೋಡುತ್ತ ರಸ್ತೆಗೆ ಇಳಿದರು, ಅಷ್ಟೇ ಅವರಿಗೆ ನೆನಪು. ಆಸ್ಪತ್ರೆಯಲ್ಲಿ ಮುರಿದ ಕಾಲಿಗೆ ಪಟ್ಟಿ ಹಾಕಿಸಿಕೊಂಡು, "ಎಲ್ಲಿಂದ ಬಂತೋ ಗೊತ್ತಾಗ್ಲೇ ಇಲ್ಲ" ಎಂದರು. ಅವರ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ವ್ಯಾನ್ ನಿಂತಿತ್ತು. ಸೊಸೆ ಆ ದಿನ ಮನೆಗೆ ಬಂದವಳು ನೀರು ಕುಡಿಯುವಾಗ ಲೋಟದ ಅರ್ಧ ನೀರು ಸೆರಗಿಗೆ ಚೆಲ್ಲಿಕೊಂಡಳು.

ಮಾವ ಪುಸ್ತಕ ತೆರೆದು ನೋಡಿದರು. ಎಡ. ಎಡ. ಎಡ.

ಎಡಕ್ಕೇ ಹಂಪ್ ಹಾಕಿದ್ದಾರೆ, ಆದರೂ ಎಡದಿಂದಲೇ ಬರುತ್ತಿದೆ ಅಂದರೆ ಹಂಪ್ ಗಿಡ್ಡವಾಯಿತು ಎಂದರ್ಥ. ಇನ್ನೇನು? ಕಚೇರಿಗೆ ಇನ್ನೊಂದು ಅರ್ಜಿ ಹೋಯಿತು. ಅವರು ಹಂಪನ್ನು ಇನ್ನಷ್ಟು ಎತ್ತರಿಸಿದರು. ಅದನ್ನು ಹತ್ತಿದ ಸೈಕಲ್ ಸವಾರನೊಬ್ಬ ಮೇಲಿನಿಂದ ಪಕ್ಕದ ಊರಿನ ಗಡಿಯಾರ ಕಂಡು, ಹೊತ್ತಾಯಿತೆಂದು ವಾಪಸ್ ಮನೆಗೆ ಹೋದನಂತೆ. ಬಾಮೈದನಿಗೆ ಸ್ಪ್ರಿಂಗ್ ಪ್ಲೇಟು ಮುರಿದ ಗಾಡಿಗಳ ಸಾಲು ಹತ್ತಿತು. "ಭಾವ, ನಿಮ್ಮಿಂದ ನಂಗೆ ವ್ಯಾಪಾರ. ಆದ್ರೆ ಈ ವ್ಯಾಪಾರ ಬೇಡ ನಂಗೆ" ಎಂದು ಹೇಳಿ ಹೋದ.

ಮಾವನಿಗೆ ನಿದ್ದೆ ಬಾರದಾಯಿತು. ಕೆಲಸದಲ್ಲಿ ಮೊದಲ ಸಲ ಒಬ್ಬರ ಮೀಸೆ ಒಂದು ಕಡೆ ಎಳ್ಳಿನಷ್ಟು ಹೆಚ್ಚು ಕತ್ತರಿಸಿ ಹೋಯಿತು. ಎಂಟು ಹತ್ತಕ್ಕೆ ಒಮ್ಮೆ, ಮೂರು ನಲವತ್ತಕ್ಕೆ ಒಮ್ಮೆ, ಕತ್ತರಿ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ವ್ಯಾನ್ ದಾಟಿ ಸೊಸೆ ಎರಡು ಸಲ ಹಾರ್ನ್ ಒತ್ತಿದ ಮೇಲೆಯೇ ಅದು ಮತ್ತೆ ಚಿಕ್ ಚಿಕ್ ಅನ್ನುತ್ತಿದ್ದದ್ದು.

ಹೀಗಿರುವಾಗ ಒಂದು ಮಧ್ಯಾಹ್ನ ಮೂರೂಕಾಲಿಗೆ ಕಿರಿಯ ಎಂಜಿನಿಯರ್ ತಾನೇ ಬಂದ. ಮುಖದ ಮೇಲೆ ನಾಲ್ಕು ದಿನದ ಗಡ್ಡ, ಕಣ್ಣ ಕೆಳಗೆ ಕಪ್ಪು.

"ಯಜಮಾನ್ರೇ, ನಂಗೆ ಅರ್ಥ ಆಗ್ತಿಲ್ಲ. ಅಷ್ಟೆತ್ತರದ ಹಂಪ್ ದಾಟಿ ಯಾರು ಹೇಗೆ ಸ್ಪೀಡಾಗಿ ಬರ್ತಾರೆ? ದೊಡ್ಡ ಸಾಹೇಬ್ರು ನನ್ನ ಕೇಳ್ತಿದ್ದಾರೆ."

"ಕೂತ್ಕೊಳಿ ಸಾರ್. ಗಡ್ಡಾನೂ ಆಗುತ್ತೆ, ರಸ್ತೇನೂ ನೋಡಿದ ಹಾಗಾಗುತ್ತೆ. ನಾನು ಹೇಳೋದು ಬೇಡ, ಕನ್ನಡೀಲಿ ನೀವೇ ನೋಡಿ."

ಮಾವ ಬಿಳಿ ಬಟ್ಟೆ ಹೊದಿಸಿದರು, ಬ್ರಶ್ಶಿನಿಂದ ನೊರೆ ಹಚ್ಚಿದರು, ರೇಜರಿಗೆ ಹೊಸ ಬ್ಲೇಡ್ ಹಾಕಿದರು. ಒಂದು ಕೆನ್ನೆ ಮುಗಿಯಿತು. ಗಲ್ಲ ಎತ್ತಿ, ಕುತ್ತಿಗೆಯ ಮೇಲೆ ರೇಜರ್ ಇಟ್ಟರು. ಇಬ್ಬರ ಕಣ್ಣೂ ಕನ್ನಡಿಯಲ್ಲಿ.

ಒಂದು ಬೈಕು ಅಂಚಿನಿಂದ ಸುಂಯ್ ಎಂದು ನುಗ್ಗಿ ಮಾಯವಾಯಿತು.

"ನೋಡಿದ್ರಾ ಸಾರ್? ಎಡದಿಂದ. ಹಂಪೂ ಇಲ್ಲ, ಗಿಂಪೂ ಇಲ್ಲ ಅನ್ನೋ ಹಾಗೆ."

ಎಂಜಿನಿಯರ್ ತುಟಿ ಅಲ್ಲಾಡಿಸದೆ ಕೇಳಿದ, "ಅದು ಇಳಿಜಾರಿಂದ ಬಂತಲ್ವಾ?"

"ಇಲ್ಲ ಸಾರ್, ಎಡದಿಂದ. ಇಗೋ, ಈ ಅಂಚಿಂದ."

"ಇಳಿಜಾರು ಬಲಕ್ಕಿದೆ ಯಜಮಾನ್ರೇ."

"ಬಲಕ್ಕೇ ಇದೆ. ಇದು ಬಂದಿದ್ದು ಎಡದಿಂದ."

ನಲ್ಲಿಯ ಹನಿಯೊಂದು ಬೋಗುಣಿಗೆ ಬಿತ್ತು. ಎಂಜಿನಿಯರ್ ಬಟ್ಟೆಯೊಳಗಿಂದ ಎಡಗೈ ಹೊರತೆಗೆದ. ಬೈಕು ಬಂದ ದಿಕ್ಕಿಗೆ, ಎಡಗಡೆಯ ಗೋಡೆಯ ಕಡೆಗೆ, ನೆಟ್ಟಗೆ ಚಾಚಿದ.

"ಈ ಕಡೆಯಿಂದ. ಹೌದಾ?"

"ಹೌದು."

"ರೇಜರ್ ತೆಗೀರಿ. ಈಗ ನನ್ನ ಕುರ್ಚಿ ತಿರುಗ್ಸಿ. ರಸ್ತೆ ಕಡೆಗೆ."

ಮಾವ ರೇಜರ್ ಎತ್ತಿದರು, ಕಾಲಿನಿಂದ ಕುರ್ಚಿಯನ್ನು ತಳ್ಳಿದರು. ಮೂವತ್ತೊಂದು ವರ್ಷ ಎಣ್ಣೆ ಕುಡಿದ ಕುರ್ಚಿ, ಬೆಣ್ಣೆಯ ಹಾಗೆ ತಿರುಗಿತು. ಅರ್ಧ ನೊರೆ ಮುಖದ ಎಂಜಿನಿಯರ್ ರಸ್ತೆಗೆ ಮುಖ ಮಾಡಿ ಕೂತ. ಅವನ ಕೈ ಚಾಚಿದ ಹಾಗೆಯೇ ಇತ್ತು, ಅದೇ ಎಡಗೈ. ಅದು ಈಗ ತೋರಿಸುತ್ತಿದ್ದದ್ದು ಮರದ ಡಿಪೋ ಪಕ್ಕದ ತಿರುವನ್ನು. ಹಂಪನ್ನು.

ಮಾವ ಆ ಕೈಯನ್ನೇ ನೋಡಿದರು. ಬೈಕು ಬಂದದ್ದು ಆ ಕಡೆಯಿಂದ ಅಲ್ಲವೇ ಅಲ್ಲ.

ಗಿರಾಕಿಯ ಬೈತಲೆ ಎಡಕ್ಕೋ ಬಲಕ್ಕೋ ಎಂಬುದರಲ್ಲಿ ಅವರು ಒಮ್ಮೆಯೂ ತಪ್ಪಿದವರಲ್ಲ. ಗಿರಾಕಿ, ಅವನ ಹಿಂದೆ ಮಾವ, ಇಬ್ಬರೂ ಒಂದೇ ದಿಕ್ಕಿಗೆ ಮುಖ. ಗಿರಾಕಿಯ ಎಡ, ಮಾವನ ಎಡ, ಕನ್ನಡಿಯ ಎಡ, ಮೂರೂ ಒಂದೇ ಕಡೆ. ಅಂಗಡಿಯೊಳಗೆ ಜಗತ್ತಿನ ಎಡ ಅದೊಂದೇ. ರಸ್ತೆಯ ಕಡೆ ತಿರುಗಿ ನೋಡುವವರಿಗೆ ಬೇರೊಂದು ಎಡ ಇರುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ. ಮೂವತ್ತನಾಲ್ಕು ಎಡ, ಆಮೇಲಿನ ಮೂರು, ಎಲ್ಲವೂ ಇಳಿಜಾರು. ಬಾಮೈದನ ಡ್ರಮ್ಮುಗಳು ನಿಂತಿದ್ದ ಜಾಗ. ತಾವೇ ತೆಗೆಸಿದ ಡ್ರಮ್ಮುಗಳು.

"ಸಾರ್, ಗಂಟೆ ಎಷ್ಟು?"

ಎಂಜಿನಿಯರ್ ಉತ್ತರ ಕೊಡುವ ಮೊದಲೇ ಎದುರು ಓಣಿಯಲ್ಲಿ ಹಳದಿ ವ್ಯಾನಿನ ಮೂತಿ ಕಂಡಿತು.

ತಿರುವಿನ ಕಡೆ ಒಂದು ಬಸ್ಸು ಹಂಪ್ ಹತ್ತಲು ನಿಧಾನವಾಗಿ ಮೈ ಕುಗ್ಗಿಸುತ್ತಿತ್ತು. ಸೊಸೆಯ ಮುಖ ಆ ಬಸ್ಸಿನ ಕಡೆಗಿತ್ತು. ಹಂಪ್ ಕಡೆ ಒಂದ್ಸಲ ನೋಡ್ತೀನಿ, ಗಾಡಿ ನಿಧಾನ ಆಯ್ತಾ, ಸೀದಾ ಎತ್ಬಿಡ್ತೀನಿ. ಇಳಿಜಾರಿನ ತಲೆಯಲ್ಲಿ, ಸೇತುವೆಯ ಮೇಲೆ, ಇಟ್ಟಿಗೆ ತುಂಬಿದ ಲಾರಿಯೊಂದು ಕಾಣಿಸಿಕೊಂಡಿತು.

ಮಾವ ಕೂಗಿದರು. ಹನ್ನೊಂದು ಮಕ್ಕಳ ಗಲಾಟೆ ತುಂಬಿದ ವ್ಯಾನಿನೊಳಗೆ ಯಾರ ಕೂಗು ಕೇಳೀತು? ವ್ಯಾನ್ ಮುಂದೆ ಸರಿಯಿತು.

ಮಾವ ಎಂಜಿನಿಯರನ ಮೈಮೇಲಿನ ಬಿಳಿ ಬಟ್ಟೆಯನ್ನು ಕಿತ್ತುಕೊಂಡು ಹಾರಿದರು. ಅರವತ್ತೆರಡು ವರ್ಷದ ಮಂಡಿಗಳು ಆ ದಿನ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬಾಗಿಲು, ಮೆಟ್ಟಿಲು, ಚರಂಡಿಯ ಕಲ್ಲು, ರಸ್ತೆ. ಲಾರಿಗೂ ವ್ಯಾನಿಗೂ ನಡುವೆ, ಇಳಿಜಾರಿಗೆ ಮುಖ ಮಾಡಿ, ಎರಡೂ ಕೈಯಿಂದ ಬಟ್ಟೆ ಅಗಲಿಸಿ ನಿಂತರು. ಬಲಗೈಯಲ್ಲಿ ರೇಜರ್ ಇನ್ನೂ ತೆರೆದೇ ಇತ್ತು, ಅದು ಅವರಿಗೆ ಗೊತ್ತಿರಲಿಲ್ಲ. ಬಟ್ಟೆಯಿಂದ ಕತ್ತರಿಸಿದ ಕೂದಲು ಅವರ ಮುಖದ ಮೇಲೆ ಹಾರುತ್ತಿತ್ತು. ಲಾರಿ ಹತ್ತಿರವಾಗುತ್ತ ದೊಡ್ಡದಾಗುತ್ತ ಬಂತು. ಬ್ರೇಕ್ ಕಿರುಚಿತು. ಟಯರ್ ಸುಟ್ಟ ವಾಸನೆ ಮೂಗಿಗೆ ರಾಚಿತು. ಬಾಮೈದ ಹೇಳುತ್ತಿದ್ದ ವಾಸನೆ, ಇಳಿಜಾರಿನ ಕಡೆಯಿಂದಲೇ. ಇಟ್ಟಿಗೆಗಳು ಧಡಧಡ ಉದುರಿದವು. ಮಾವ ಕಣ್ಣು ಮುಚ್ಚಿದರು.

ತೆರೆದಾಗ ಲಾರಿಯ ಬಿಸಿ ಮೂತಿ ಎರಡು ಗೇಣು ದೂರದಲ್ಲಿತ್ತು.

ಆ ಎರಡು ಗೇಣನ್ನು ಬೀದಿಯವರು ಆಮೇಲೆ ಒಂದು ಗೇಣು ಮಾಡಿದರು, ಆಮೇಲೆ ಒಂದು ಬೆರಳು. ಲಾರಿಯ ನಂಬರ್ ಪ್ಲೇಟಿನ ಕೊನೆಯ ಅಂಕಿಯನ್ನು ಮಾವನ ರೇಜರ್ ಬೋಳಿಸಿಬಿಟ್ಟಿತೆಂದು ಹೇಳುವವರೂ ಇದ್ದಾರೆ. ಡ್ರೈವರ್ ಮಾತ್ರ ಕೆಳಗಿಳಿದು, ಮಾವನ ಮುಖ ನೋಡದೆ ರೇಜರನ್ನೇ ನೋಡುತ್ತ, "ಅಣ್ಣ, ಏನಿದ್ರೂ ಮಾತಲ್ಲೇ ಮುಗಿಸ್ಕೊಳ್ಳೋಣ" ಎಂದದ್ದು ನಿಜ.

ವ್ಯಾನ್ ರಸ್ತೆಯ ನಡುವೆ ನಿಂತಿತ್ತು. ಸೊಸೆ ಬಾಗಿಲು ತೆರೆದು ಇಳಿದವಳು ಕೂಗಿಯೇಬಿಟ್ಟಳು.

"ಮಾವಾ! ತಲೆ ಕೆಟ್ಟಿದೆಯಾ ನಿಮಗೆ? ಲಾರಿಗೆ ಅಡ್ಡ ನಿಲ್ತಾರಾ ಯಾರಾದ್ರೂ?"

ಮುಂದಿನ ಸೀಟಿನಿಂದ ಮೊಮ್ಮಗಳು, "ತಾತ, ಲಾರಿಗೂ ಕಟಿಂಗ್ ಮಾಡ್ತಿದ್ದೀಯಾ?" ಎಂದು ಕೇಳಿದಳು.

ಮಾವನಿಗೆ ಲಾರಿಯ ಮುಂದೆ ನಿಂತದ್ದಕ್ಕಿಂತ ಸೊಸೆಯ ಮುಂದೆ ನಿಲ್ಲುವುದು ಕಷ್ಟವಾಯಿತು. "ಅಮ್ಮಾ, ಹಂಪ್ ಕಡೆ ನೋಡ್ಬೇಡ. ಇಳಿಜಾರು ನೋಡು. ನಾನು ಬರೆದಿದ್ದೆಲ್ಲ ತಿರುಗುಮುರುಗು. ಪ್ರತಿಯೊಂದೂ."

"ಅಂದ್ರೆ?"

"ಅಂದ್ರೆ ನಾನು ನಿನಗೆ ಧೈರ್ಯ ಕೊಟ್ಟಿದ್ದು ತಪ್ಪು ಕಡೆಗೆ. ಆ ಟೀಚರ್ ಕಾಲು ಮುರಿದಿದ್ದೂ ನನ್ನ ಪುಸ್ತಕದಿಂದಲೇ."

ಸೊಸೆ ಉದುರಿದ ಇಟ್ಟಿಗೆಗಳನ್ನು ನೋಡಿದಳು, ಇಳಿಜಾರನ್ನು ನೋಡಿದಳು, ಮಕ್ಕಳನ್ನು ನೋಡಿದಳು. ಮಾವನ ಕೈಯಿಂದ ರೇಜರ್ ತೆಗೆದುಕೊಂಡು ಮಡಚಿ, ಅವರ ಜೇಬಿಗೆ ಹಾಕಿದಳು. ಆಮೇಲೆ, "ನಾಳೆ ಬೆಳಿಗ್ಗೆ ಎಂಟು ಹತ್ತಕ್ಕೆ ನಾನು ಮತ್ತೆ ಇಲ್ಲೇ ಬರ್ಬೇಕು ಮಾವ. ಅಷ್ಟರಲ್ಲಿ ಏನ್ಮಾಡ್ತೀರಿ ನೋಡಿ" ಎಂದು ವ್ಯಾನ್ ಹತ್ತಿದಳು. ಈ ಸಲ ದಾಟಿದ ಮೇಲೆ ಹಾರ್ನ್ ಒತ್ತಲಿಲ್ಲ.

ಕಚೇರಿ ಮುಚ್ಚಲು ಒಂದೂಕಾಲು ಗಂಟೆ ಇತ್ತು. ಬಾಮೈದನ ಸ್ಕೂಟರಿನಲ್ಲಿ ಮೂವರು ಹೊರಟರು. ಮುಂದೆ ಬಾಮೈದ, ನಡುವೆ ಪುಸ್ತಕ ಅವುಚಿಕೊಂಡ ಮಾವ, ಹಿಂದೆ ಅರ್ಧ ಗಡ್ಡದ ಎಂಜಿನಿಯರ್. ನೊರೆ ಗಾಳಿಗೆ ಹಾರಿ ಹಿಂದೆ ಬರುತ್ತಿದ್ದವರ ಕನ್ನಡಕಕ್ಕೆ ಬಿತ್ತು. ಬಾಮೈದನಿಗೆ ವಿಷಯ ದಾರಿಯಲ್ಲೇ ಗೊತ್ತಾಯಿತು. ಅವನು ನಗುತ್ತಾನೆಂದು, ಆರು ವರ್ಷದ ಬಾಕಿಯನ್ನೆಲ್ಲ ಆಡಿ ತೀರಿಸುತ್ತಾನೆಂದು ಮಾವ ಕತ್ತು ಕುಗ್ಗಿಸಿ ಕೂತಿದ್ದರು. ಅವನು, "ಗಟ್ಟಿಯಾಗಿ ಹಿಡ್ಕೊಳಿ ಭಾವ" ಎಂದಷ್ಟೇ ಹೇಳಿದ. ಅದು ಮಾವನಿಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ದೊಡ್ಡ ಸಾಹೇಬರು ಎಂಜಿನಿಯರನ ಮುಖವನ್ನು ಒಂದು ಕಡೆಯಿಂದ ನೋಡಿದರು, ಎದ್ದು ಬಂದು ಇನ್ನೊಂದು ಕಡೆಯಿಂದ ನೋಡಿದರು. "ಇಬ್ಬರು ಬಂದಿದ್ದೀರೇನೋ ಅಂದ್ಕೊಂಡೆ" ಎಂದು ಕೂತರು. ಕತೆಯೆಲ್ಲ ಕೇಳಿದ ಮೇಲೆ ನಗು ಹೋಯಿತು.

"ಹಂಪ್ ಕಿತ್ತು ಆ ಕಡೆ ಹಾಕೋದು ಅಂದ್ರೆ ಸುಮ್ನೇನಾ? ಫೈಲಲ್ಲಿ ಆರು ವರ್ಷದ ದಾಖಲೆ ಇದೆ. ಇಳಿಜಾರು ಸುರಕ್ಷಿತ ಅನ್ನುತ್ತೆ. ಅದನ್ನ ಬದಲಾಯ್ಸಕ್ಕೆ ಹೊಸದಾಗಿ ಆರು ತಿಂಗಳ ಎಣಿಕೆ ಬೇಕು."

ಮಾವ ಕೇಳಿದರು, "ಆರು ತಿಂಗಳು ಎಣಿಸ್ಬೇಕಾಗಿರೋದು ಏನನ್ನ ಸಾರ್?"

ಸಾಹೇಬರು ಪೆನ್ನನ್ನು ಮುಚ್ಚಿದರು, ತೆರೆದರು.

"ಇನ್ನೊಂದು ದಾರಿ ಇದೆ. ದಾಖಲೆ ಕೊಟ್ಟವರೇ ಅದು ತಪ್ಪು ಅಂತ ಬರೆದುಕೊಡ್ಬೇಕು. ಅರ್ಜಿ ಹಾಗೇ ನೋಟಿಸ್ ಬೋರ್ಡಿಗೆ ಹೋಗುತ್ತೆ, ಯಾರು ಬೇಕಾದ್ರೂ ಓದ್ಬಹುದು. ಆ ಟೀಚರ್ ಮನೆಯವರೂ ಓದ್ತಾರೆ. ಯೋಚ್ನೆ ಮಾಡಿ."

ಕಿರಿಯ ಎಂಜಿನಿಯರ್ ಮಾವನ ಕಿವಿಗೆ ಬಗ್ಗಿದ. "ಬೇಡ ಅಂದ್ರೆ ಬೇರೆ ಏನಾದ್ರೂ ಹೇಳೋಣ ಯಜಮಾನ್ರೇ. ಟ್ರಾಫಿಕ್ ಬದಲಾಗಿದೆ ಅಂತ ಹಾಕಿ, ಎರಡ್ಮೂರು ತಿಂಗಳಲ್ಲಿ ನಾನೇ ಮಾಡಿಸ್ತೀನಿ. ನಿಮ್ಮ ಹೆಸರೂ ಉಳಿಯುತ್ತೆ, ನಂದೂ."

ಮಾವ ಪುಸ್ತಕವನ್ನು ನೋಡಿದರು. ಮೂಲೆಗಳಲ್ಲಿ ಎಣ್ಣೆಯ ಕಲೆ, ಪುಟಗಳ ನಡುವೆ ಯಾರ್ಯಾರದೋ ಕೂದಲು. ಆ ಬೀದಿಯಲ್ಲಿ ಮಾವನ ಮಾತಿಗೆ ಜನ ಎದ್ದು ನಿಲ್ಲುತ್ತಿದ್ದದ್ದು ಇದೊಂದರಿಂದ. ಎರಡು ಮೂರು ತಿಂಗಳೆಂದರೆ ಎಷ್ಟು ಸಲ ಮೂರು ನಲವತ್ತಾಗುತ್ತದೆ ಎಂದು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೇ ಬಿಟ್ಟರು.

"ಕಾಗದ ಕೊಡಿ ಸಾರ್."

ನಿಂತುಕೊಂಡೇ ಬರೆದರು. ‘ನಾನು ಕ್ಷೌರದ ಅಂಗಡಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೆಲಸ ಮಾಡುವವನು. ಬೆನ್ನು ಹಾಕಿ ನೋಡಿದ್ದನ್ನು ಎದುರು ನಿಂತು ನೋಡಿದ ಹಾಗೆ ಬರೆದುಕೊಟ್ಟಿದ್ದೇನೆ. ನನ್ನ ಎಡವೆಲ್ಲ ಬಲ, ಬಲವೆಲ್ಲ ಎಡ. ಅಪಾಯ ಇರುವುದು ಇಳಿಜಾರಿನಲ್ಲಿ. ಹಂಪ್ ಬಂದ ಮೇಲೆ ಆದ ಮೂರು ಡಿಕ್ಕಿಗಳಿಗೆ ಈ ನನ್ನ ತಪ್ಪೂ ಕಾರಣ. ಪಂಕ್ಚರ್ ಅಂಗಡಿಯ ನನ್ನ ಬಾಮೈದ ಮೊದಲಿನಿಂದ ಸರಿಯಾಗಿ ಹೇಳಿದ್ದಾನೆ.’

ಕೊನೆಯ ಸಾಲನ್ನು ಯಾರೂ ಬರೆಯಲು ಹೇಳಿರಲಿಲ್ಲ. ಹೆಗಲ ಮೇಲಿನಿಂದ ಇಣುಕಿ ಓದುತ್ತಿದ್ದ ಬಾಮೈದ ಮುಖ ತಿರುಗಿಸಿ ಕಿಟಕಿಯ ಹೊರಗೆ ಇಲ್ಲದ ಯಾವುದೋ ಟಯರನ್ನು ನೋಡತೊಡಗಿದ.

ಕಿರಿಯ ಎಂಜಿನಿಯರ್ ಕಾಗದವನ್ನು ತನ್ನ ಕಡೆ ಎಳೆದುಕೊಂಡ. "ಸ್ಥಳ ಪರಿಶೀಲಿಸಿದವನು ನಾನು. ಯಾವ ಎಡ ಅಂತ ಕೇಳದೇ ಇದ್ದವನೂ ನಾನೇ" ಎಂದು ಕೆಳಗೆ ತನ್ನ ಸಹಿಯನ್ನೂ ಹಾಕಿದ. ಸಾಹೇಬರು ಅರ್ಧ ಗಡ್ಡದ ಕಡೆ ಒಮ್ಮೆ, ಕಾಗದದ ಕಡೆ ಒಮ್ಮೆ ನೋಡಿ, ಹಂಪ್ ಬದಲಿಸುವ ಆದೇಶಕ್ಕೆ ಗುರುತು ಹಾಕಿದರು. ಡಾಂಬರು, ಆಳು, ಯಂತ್ರ, ಎಲ್ಲ ಸೇರಿ ಹತ್ತು ದಿನ.

"ನಾಳೆ ಬೆಳಿಗ್ಗೆಗೆ?" ಎಂದರು ಮಾವ.

"ನಾಳೆಗೆ ನನ್ನ ಹತ್ರ ಏನೂ ಇಲ್ಲಪ್ಪ."

"ನನ್ನ ಹತ್ರ ಇದೆ" ಎಂದ ಬಾಮೈದ.

ಮೆಣಸಿನ ಗಿಡದ ಡ್ರಮ್ಮುಗಳನ್ನು ಹಿತ್ತಲಿನಿಂದ ಹೊರಡಿಸುವಾಗ ಮಾವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಕಾಯಿ ಬಿಡೋ ಹೊತ್ತಿಗೆ ಸರಿಯಾಗಿ ಬಂದ್ರಾ ಇಬ್ಬರೂ? ಗಿಡ ಕೀಳೋ ಹಾಗಿಲ್ಲ!" ಕಾರಣ ಕೇಳಿದ ಮೇಲೆ ತಾನೇ ಸೆರಗು ಸಿಕ್ಕಿಸಿ ಹಿಂದಿನಿಂದ ತಳ್ಳಿದಳು. ಗಿಡಗಳು ಮಾತ್ರ ಹಾಗೆಯೇ ಹೋದವು. ಹಾಗಾಗಿ ಆ ಸಂಜೆ ಇಳಿಜಾರಿನ ಬುಡದಲ್ಲಿ ರಸ್ತೆಯ ಅಂಚಿಗೆ ಕೆಂಪು ಬಿಳಿ ಪಟ್ಟೆಯ ಎರಡು ಡ್ರಮ್ಮುಗಳು ತಲೆಯ ಮೇಲೆ ಹಸಿರು ಕೂದಲು ಬಿಟ್ಟುಕೊಂಡು ನಿಂತವು. ಬಾಮೈದ ಅವುಗಳ ನಡುವೆ ಹಗ್ಗ ಕಟ್ಟಿ ಮಾವನ ಬಿಳಿ ಬಟ್ಟೆಯನ್ನು ತೂಗುಹಾಕಿದ.

ಎಂಜಿನಿಯರ್ ಬಂದು ಕುರ್ಚಿಯಲ್ಲಿ ಕುಸಿದ. "ಯಜಮಾನ್ರೇ, ದಮ್ಮಯ್ಯ, ಇದನ್ನ ಮುಗಿಸಿ. ಬಸ್ಸಲ್ಲಿ ಒಂದು ಮಗು ನನ್ನ ನೋಡಿ ಅತ್ತುಬಿಡ್ತು."

ಮಾವ ಬೇರೆ ಬಟ್ಟೆ ಹೊದಿಸಿದರು, ನೀರು ಚಿಮುಕಿಸಿದರು. ಆಗ ಕನ್ನಡಿಯ ಅಂಚಿನಲ್ಲಿ ಬೆಳಕು ಹೊಳೆಯಿತು. ಸೇತುವೆಯ ಕಡೆಯಿಂದ ಯಾವುದೋ ಗಾಡಿ ಇಳಿಯುತ್ತಿತ್ತು. ಮಾವನ ಕೈ ಗಾಳಿಯಲ್ಲೇ ನಿಂತಿತು. ಬೆಳಕು ಬಂತು, ಬಂತು, ಬಂದೇ ಬಂತು. ಬಟ್ಟೆಯನ್ನು ಕಂಡಿರಬೇಕು, ಗೇರ್ ಇಳಿದ ಸದ್ದು ಕೇಳಿಸಿತು. ಮರಳಿನ ಲಾರಿಯೊಂದು ಮುದುಕನ ಹಾಗೆ ಕುಂಟುತ್ತ ಬಾಗಿಲಿನ ಅಗಲವನ್ನು ದಾಟಿಕೊಂಡು ಹೋಯಿತು.

ಹೊರಗಿನಿಂದ ಬಾಮೈದನ ಗಂಟಲು: "ಭಾವಾ, ಇದು ಎಡದಿಂದ ಬಂತೋ, ಬಲದಿಂದ ಬಂತೋ? ಬರ್ಕೊಳಿ ಬೇಗ!"

"ಇಳಿಜಾರಿಂದ ಬಂತು ಕಣೋ!" ಎಂದು ಮಾವ ಕೂಗಿದರು. ಉಸಿರು ಹೊರಗೆ ಬಿಟ್ಟರು. ಬ್ರಶ್ ಅದ್ದಿ ನೊರೆ ಕಡೆಯುತ್ತ ಗಿರಾಕಿಯನ್ನು ಕೇಳಿದರು, "ಯಾವ ಕೆನ್ನೆ ಉಳಿದಿರೋದು ಸಾರ್?"

ಎಂಜಿನಿಯರ್ ಬಟ್ಟೆಯೊಳಗಿಂದ ಕೈ ಹೊರತೆಗೆದು, ಗಡ್ಡವಿದ್ದ ಕೆನ್ನೆಯ ಮೇಲೆ ಗಟ್ಟಿಯಾಗಿ ಬೆರಳು ಒತ್ತಿ ಹಿಡಿದ.

"ಹೆಸರು ಹೇಳೋದು ಬೇಡ ಯಜಮಾನ್ರೇ. ಇಗೋ, ಇದು."